ಅಭಿರಕ್ಷಕರ ಕಚೇರಿಯಲ್ಲಿ ಸಮಾಜ ಕಾರ್ಯಕರ್ತ: ಒಂದು ಐತಿಹಾಸಿಕ ಸಮೀಕ್ಷೆ

1

ದಂಡನ್ಯಾಯದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ತೀರ್ಪುಗಳನ್ನೂ ಕಾರಾಗೃಹಗಳ ವ್ಯವಸ್ಥೆಯನ್ನೂ ತಮ್ಮ ವಿಷಯವಾಗಿ ಎತ್ತಿಕೊಳ್ಳುತ್ತಾರೆ. ಆಪಾದಿತನ ಮನೆ ಎಲ್ಲಿ, ಅವನ ಕಸುಬು ಯಾವುದು, ಅವನನ್ನು ಸೆರೆಮನೆಗೆ ಕಳುಹಿಸಿದರೆ ಅವನ ಮಕ್ಕಳ ಗತಿಯೇನು, ಕಳುಹಿಸದಿದ್ದರೆ ಅವನು ಮತ್ತೆ ತಪ್ಪು ಮಾಡದಂತೆ ಯಾವ ಆಸರೆ ಬೇಕು—ಇವೇ ಮೊದಲಾದ ಪ್ರಶ್ನೆಗಳನ್ನು ಕೇಳುವ ಕೆಲಸವನ್ನು ನ್ಯಾಯಾಲಯದ ಸುತ್ತಮುತ್ತ ಯಾರು, ಯಾವಾಗ, ಯಾರ ಪರವಾಗಿ ಮಾಡತೊಡಗಿದರು ಎಂಬುದು ನಮ್ಮಲ್ಲಿ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಈ ಪ್ರಬಂಧದಲ್ಲಿ ನಾವು ಆ ಕಥೆಯನ್ನು ಸ್ಥೂಲವಾಗಿ ನಿರೂಪಿಸಲು ಯತ್ನಿಸುತ್ತೇವೆ. ಅದು ಬಹುಮಟ್ಟಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಕಥೆಯಾದರೂ, ಅದರ ಪ್ರಶ್ನೆಗಳು ನಮ್ಮ ದೇಶದ ನ್ಯಾಯಾಲಯಗಳ ಬಾಗಿಲಿಗೂ ಬಂದಿರುವುದರಿಂದ ಕೊನೆಯ ಭಾಗದಲ್ಲಿ ಭಾರತದ ಸ್ಥಿತಿಯನ್ನೂ ಪರಿಶೀಲಿಸಲಾಗಿದೆ.

ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದ ಆಪಾದಿತರ ಪರವಾಗಿ ವಾದಿಸಲು ಸಾರ್ವಜನಿಕ ಹಣದಿಂದ ನೇಮಕಗೊಂಡ ವಕೀಲನನ್ನು ನಾವು ‘ಸಾರ್ವಜನಿಕ ಅಭಿರಕ್ಷಕ’ ಎಂದು ಕರೆದಿದ್ದೇವೆ. ಶಿಕ್ಷೆಯನ್ನು ತಡೆಹಿಡಿದು, ಅಪರಾಧಿಯನ್ನು ಸನ್ನಡತೆಯ ಷರತ್ತಿನ ಮೇಲೆ ಸಮಾಜದಲ್ಲಿಯೇ ಇರಗೊಟ್ಟಾಗ, ಅವನ ಮೇಲ್ವಿಚಾರಣೆಗೆ ನೇಮಿತನಾದವನು ‘ಪರಿವೀಕ್ಷಣಾಧಿಕಾರಿ’. ಇಬ್ಬರೂ ಆಪಾದಿತನ ಹಿತವನ್ನು ಬಯಸುವವರೆಂದು ಮೇಲುನೋಟಕ್ಕೆ ಕಾಣಬಹುದು. ಆದರೆ ಒಬ್ಬನು ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾದವನು. ಇನ್ನೊಬ್ಬನು ಆಪಾದಿತನಿಗೆ ಉತ್ತರ ಹೇಳಬೇಕಾದವನು. ಸಮಾಜ ಕಾರ್ಯಕರ್ತನು ಕಾಲಕ್ರಮದಲ್ಲಿ ಮೊದಲನೆಯವನ ಕಡೆಯಿಂದ ಎರಡನೆಯವನ ಕಡೆಗೂ ಹೇಗೆ ಬಂದನೆಂಬುದೇ ನಮ್ಮ ವಿಷಯ.

2

ಈ ಕಥೆ ಆರಂಭವಾಗುವುದು ಬೂಟು ಹೊಲಿಯುವ ಒಬ್ಬ ಗೃಹಸ್ಥನಿಂದ. 1841ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯದಲ್ಲಿ ಕುಳಿತಿದ್ದ ಜಾನ್ ಆಗಸ್ಟಸ್ ಎಂಬಾತನು, ಕುಡುಕನೆಂದು ಹಿಡಿದು ತರಲ್ಪಟ್ಟ ಒಬ್ಬ ಮನುಷ್ಯನಿಗೆ ತಾನೇ ಜಾಮೀನಾಗಿ ನಿಂತನು. ಮೂರು ವಾರಗಳ ತರುವಾಯ ಆ ಮನುಷ್ಯನು ಗುರುತು ಸಿಕ್ಕದಷ್ಟು ಬದಲಾಗಿ ನ್ಯಾಯಾಲಯಕ್ಕೆ ಮರಳಿದಾಗ ನ್ಯಾಯಾಧೀಶರು ಅವನಿಗೆ ವಿಧಿಸಿದ ದಂಡ ಒಂದು ಸೆಂಟ್ ಮತ್ತು ಮೊಕದ್ದಮೆಯ ಖರ್ಚು ಮಾತ್ರ. 1859ರಲ್ಲಿ ತೀರಿಕೊಳ್ಳುವವರೆಗೆ ಆಗಸ್ಟಸನು ಸುಮಾರು ಎರಡು ಸಾವಿರ ಮಂದಿಗೆ ಹೀಗೆ ಜಾಮೀನು ನಿಂತನು. ಅವನು ಸಿಕ್ಕಸಿಕ್ಕವರಿಗೆಲ್ಲ ಹೊಣೆಯಾಗುತ್ತಿರಲಿಲ್ಲ. ಮನುಷ್ಯನ ಪೂರ್ವಚರಿತ್ರೆ, ವಯಸ್ಸು, ಅವನ ಮೇಲೆ ಪ್ರಭಾವ ಬೀರಬಹುದಾದ ಸಹವಾಸ, ಇವನ್ನು ವಿಚಾರಿಸಿ, ಕೆಲಸವನ್ನೋ ವಸತಿಯನ್ನೋ ಒದಗಿಸಿ, ನ್ಯಾಯಾಲಯಕ್ಕೆ ವರದಿ ಹೇಳುತ್ತಿದ್ದನು. ಇಂದು ಸಮಾಜಕಾರ್ಯವೆಂದು ನಾವು ಕರೆಯುವ ವಿದ್ಯೆಯ ಅಂಗಗಳೆಲ್ಲ ಆ ಕೆಲಸದಲ್ಲಿ ಬೀಜರೂಪದಲ್ಲಿದ್ದವು.

ಆಗಸ್ಟಸನು ಸಂಬಳವಿಲ್ಲದ, ಯಾವ ಅಧಿಕಾರವೂ ಇಲ್ಲದ ವ್ಯಕ್ತಿ. ಆದರೆ ಅವನು ಹಾಕಿಕೊಟ್ಟ ದಾರಿ ಶಾಸನವಾದಾಗ ಅದರ ಸ್ವರೂಪ ಬದಲಾಯಿತು. 1878ರಲ್ಲಿ ಮಸಾಚುಸೆಟ್ಸ್ ರಾಜ್ಯವು ಬಾಸ್ಟನ್ ನಗರದ ಮೇಯರನಿಗೆ ಪರಿವೀಕ್ಷಣಾಧಿಕಾರಿಯೊಬ್ಬನನ್ನು ನೇಮಿಸುವ ಅಧಿಕಾರವನ್ನು ಕೊಟ್ಟಿತು. ಆ ಹುದ್ದೆಗೆ ಮೊದಲು ಬಂದ ಎಡ್ವರ್ಡ್ ಸ್ಯಾವೇಜ್ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದವನು. ಜಾಮೀನುದಾರನ ಮೈತ್ರಿಯಿಂದ ಹುಟ್ಟಿದ ಕಾರ್ಯವು ಹೀಗೆ ಮೂವತ್ತೇಳು ವರ್ಷಗಳಲ್ಲಿ ಪೊಲೀಸ್ ಅನುಭವಿಯ ಕೈಗೆ ಬಂದಿತು. ಇಂಗ್ಲೆಂಡಿನಲ್ಲಿಯೂ ಇದೇ ಬಗೆಯ ಬೆಳವಣಿಗೆಯನ್ನು ಕಾಣಬಹುದು: 1876ರಿಂದ ಅಲ್ಲಿನ ಪೊಲೀಸ್ ನ್ಯಾಯಾಲಯಗಳಲ್ಲಿ ಮದ್ಯಪಾನನಿರೋಧ ಸಂಘದ ಧರ್ಮಪ್ರಚಾರಕರು ಮಾಡುತ್ತಿದ್ದ ಕೆಲಸವನ್ನು 1907ರ ಶಾಸನವು ನ್ಯಾಯಾಲಯದ ಅಧಿಕಾರಿಗಳ ಕೆಲಸವನ್ನಾಗಿ ಮಾಡಿತು. 1899ರಲ್ಲಿ ಷಿಕಾಗೋ ನಗರದಲ್ಲಿ ಬಾಲಾಪರಾಧಿಗಳ ನ್ಯಾಯಾಲಯ ಸ್ಥಾಪಿತವಾದ ಮೇಲೆ, ಮಗುವಿನ ಮನೆಯ ಸ್ಥಿತಿಯನ್ನು ವಿಚಾರಿಸಿ ವರದಿ ಕೊಡುವುದು ನ್ಯಾಯವಿಚಾರಣೆಯ ಒಂದು ಅಂಗವೇ ಆಯಿತು. 1917ರಲ್ಲಿ ಮೇರಿ ರಿಚ್ಮಂಡ್ ಅವರು ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥವನ್ನು ಪ್ರಕಟಿಸಿ ಇಂತಹ ವಿಚಾರಣೆಗೆ ಒಂದು ಶಾಸ್ತ್ರೀಯ ಕ್ರಮವನ್ನು ಒದಗಿಸಿದರು.

ಇದರಿಂದ ಅನೇಕರಿಗೆ ಒಳ್ಳೆಯದಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ವರದಿ ನ್ಯಾಯಾಧೀಶನ ಕೈಗೆ ಹೋಗುತ್ತಿತ್ತೇ ಹೊರತು ಆಪಾದಿತನ ಕೈಗಲ್ಲ ಎಂಬುದನ್ನು ಮರೆಯಬಾರದು. ಇದರ ಅಪಾಯವು 1949ರ ಒಂದು ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ನ್ಯೂಯಾರ್ಕಿನಲ್ಲಿ ವಿಲಿಯಮ್ಸ್ ಎಂಬುವನ ಮೇಲಿನ ಕೊಲೆಯ ಆರೋಪ ಸಾಬೀತಾದಾಗ ಜ್ಯೂರಿಯವರು ಜೀವಾವಧಿ ಶಿಕ್ಷೆಯನ್ನು ಶಿಫಾರಸು ಮಾಡಿದರು. ಆದರೆ ಪರಿವೀಕ್ಷಣಾ ಇಲಾಖೆಯ ಮೂಲಕ ತನಗೆ ಬಂದ ಮಾಹಿತಿಯನ್ನು ಆಧರಿಸಿ ನ್ಯಾಯಾಧೀಶನು ಮರಣದಂಡನೆಯನ್ನು ವಿಧಿಸಿದನು. ಆ ಮಾಹಿತಿಯನ್ನು ಕೊಟ್ಟವರನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶ ಆಪಾದಿತನಿಗೆ ದೊರೆತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಈ ಶಿಕ್ಷೆಯನ್ನು ಎತ್ತಿಹಿಡಿಯಿತು. ಶಿಕ್ಷೆಯು ಅಪರಾಧಕ್ಕೆ ಮಾತ್ರವಲ್ಲದೆ ಅಪರಾಧಿಗೂ ತಕ್ಕುದಾಗಿರಬೇಕಾದರೆ ನ್ಯಾಯಾಧೀಶನಿಗೆ ಇಂತಹ ವರದಿಗಳು ಅಗತ್ಯವೆಂಬುದು ಅದರ ತರ್ಕವಾಗಿತ್ತು. ಮನುಷ್ಯನನ್ನು ಸೆರೆಮನೆಯಿಂದ ಉಳಿಸಲು ಹುಟ್ಟಿದ ಸಾಮಾಜಿಕ ವಿಚಾರಣೆಯು ಇಲ್ಲಿ ಅವನ ಪ್ರಾಣಕ್ಕೇ ಎರವಾಯಿತು. ಮರಣದಂಡನೆಯ ಮೊಕದ್ದಮೆಗಳಲ್ಲಿ ಆಪಾದಿತನಿಗೆ ತಿಳಿಸದ ಗುಪ್ತ ವರದಿಯನ್ನು ಅವಲಂಬಿಸಕೂಡದೆಂದು ಅದೇ ನ್ಯಾಯಾಲಯವು ತೀರ್ಮಾನಿಸಿದ್ದು 1977ರಲ್ಲಿ.

3

ಇನ್ನೊಂದು ಕಡೆಯಲ್ಲಿ, ಬಡವನ ಪರವಾಗಿ ವಾದಿಸುವ ವಕೀಲನ ಹುದ್ದೆಯು ಬೇರೆಯದೇ ದಾರಿಯಲ್ಲಿ ಬೆಳೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಪ್ರಥಮ ಮಹಿಳಾ ವಕೀಲೆಯಾದ ಕ್ಲಾರಾ ಷಾರ್ಟ್‌ರಿಜ್ ಫೋಲ್ಟ್ಸ್ ಅವರು 1893ರಲ್ಲಿ ಷಿಕಾಗೋ ವಿಶ್ವಮೇಳದ ಸಂದರ್ಭದಲ್ಲಿ ಸೇರಿದ್ದ ನ್ಯಾಯಶಾಸ್ತ್ರಜ್ಞರ ಸಭೆಯಲ್ಲಿ ಈ ವಿಚಾರವನ್ನು ಮಂಡಿಸಿದರು. ಆಪಾದನೆಯನ್ನು ಸಾಬೀತುಪಡಿಸಲು ರಾಜ್ಯವು ಹಣ ವೆಚ್ಚಮಾಡುವುದಾದರೆ, ನಿರಪರಾಧಿಯೆಂದು ಭಾವಿಸಲ್ಪಡಬೇಕಾದ ಮನುಷ್ಯನ ರಕ್ಷಣೆಗೂ ಅದು ವೆಚ್ಚಮಾಡಬೇಕೆಂಬುದು ಅವರ ವಾದದ ತಿರುಳು. 1914ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಆ ದೇಶದ ಮೊತ್ತಮೊದಲ ಸಾರ್ವಜನಿಕ ಅಭಿರಕ್ಷಕರ ಕಚೇರಿ ತೆರೆಯಿತು. ಆದರೆ ಇತರ ಪ್ರಾಂತಗಳಲ್ಲಿ ಬಹುಕಾಲ ಈ ಸೌಕರ್ಯ ಅಪರೂಪವಾಗಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಿದ್ದು 1963ರ ಮಾರ್ಚ್ ತಿಂಗಳ ಗಿಡಿಯನ್ ತೀರ್ಪು. ಫ್ಲಾರಿಡಾ ರಾಜ್ಯದಲ್ಲಿ ಒಂದು ಬಿಲಿಯರ್ಡ್ಸ್ ಅಂಗಡಿಗೆ ಕನ್ನಹಾಕಿದನೆಂದು ಐದು ವರ್ಷಗಳ ಶಿಕ್ಷೆಗೆ ಗುರಿಯಾಗಿದ್ದ ಕ್ಲಾರೆನ್ಸ್ ಗಿಡಿಯನ್, ತನಗೆ ವಕೀಲನನ್ನು ಕೊಡಲಿಲ್ಲವೆಂದು ಸೆರೆಮನೆಯಿಂದಲೇ ಪೆನ್ಸಿಲಿನಲ್ಲಿ ಅರ್ಜಿ ಬರೆದು ಸರ್ವೋಚ್ಚ ನ್ಯಾಯಾಲಯಕ್ಕೆ ಕಳುಹಿಸಿದನು. ಗುರುತರವಾದ ಅಪರಾಧದ ಆರೋಪಕ್ಕೊಳಗಾದ ಬಡವನಿಗೆ ರಾಜ್ಯವು ವಕೀಲನನ್ನು ಒದಗಿಸಲೇಬೇಕೆಂದು ನ್ಯಾಯಾಲಯವು ತೀರ್ಪಿತ್ತಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ವಕೀಲನೊಡನೆ ಮರುವಿಚಾರಣೆಯನ್ನು ಎದುರಿಸಿದ ಗಿಡಿಯನ್ ಖುಲಾಸೆಯಾದನು. 1949ರ ವಿಲಿಯಮ್ಸ್ ತೀರ್ಪನ್ನೂ 1963ರ ಗಿಡಿಯನ್ ತೀರ್ಪನ್ನೂ ಬರೆದವರು ಒಬ್ಬರೇ—ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್—ಎಂಬುದು ಗಮನಾರ್ಹವಾದ ಸಂಗತಿ. ತಪ್ಪು ಮಾಡಿದನೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ವಕೀಲನ ಅಗತ್ಯವನ್ನು ಆ ಕಾಲದ ನ್ಯಾಯಚಿಂತನೆಯು ಒಪ್ಪಿತು. ಎಂತಹ ಶಿಕ್ಷೆ ತಕ್ಕುದು ಎಂಬ ಪ್ರಶ್ನೆಯಲ್ಲಿಯೂ ಆಪಾದಿತನ ಕಡೆಯ ಸಂಶೋಧನೆ ಅಗತ್ಯವೆಂಬುದನ್ನು ಇನ್ನೂ ಪೂರ್ಣವಾಗಿ ಕಂಡುಕೊಂಡಿರಲಿಲ್ಲ.

ಆದರೆ ಅಭಿರಕ್ಷಕರಿಗೆ ತಮ್ಮ ದಿನನಿತ್ಯದ ಅನುಭವವೇ ಈ ಪಾಠವನ್ನು ಕಲಿಸಿತು. ಅವರ ಬಳಿಗೆ ಬಂದವರಲ್ಲಿ ಬಹುಮಂದಿ ವಿಚಾರಣೆಯನ್ನು ಎದುರಿಸದೆ ತಪ್ಪೊಪ್ಪಿಕೊಳ್ಳುವವರು. ಅವರ ಪಾಲಿಗೆ ನಿಜವಾದ ಮೊಕದ್ದಮೆಯೆಂದರೆ ಶಿಕ್ಷೆಯ ಪ್ರಮಾಣವನ್ನು ಕುರಿತದ್ದು. ಕುಡಿತದಿಂದಲೋ ಮನೋರೋಗದಿಂದಲೋ ನಿರುದ್ಯೋಗದಿಂದಲೋ ಕೆಟ್ಟವನಿಗೆ ಚಿಕಿತ್ಸಾಲಯದಲ್ಲಿ ಒಂದು ಹಾಸಿಗೆ ಸಿಕ್ಕುತ್ತದೆಂದು ನ್ಯಾಯಾಧೀಶನಿಗೆ ತೋರಿಸಿಕೊಟ್ಟರೆ ಅವನು ಸೆರೆಮನೆಯ ಬದಲು ಅಲ್ಲಿಗೆ ಕಳುಹಿಸಬಹುದು. ಆ ಹಾಸಿಗೆಯನ್ನು ಹುಡುಕುವ ವಿದ್ಯೆ ಕಾನೂನು ಕಾಲೇಜಿನಲ್ಲಿ ಕಲಿಸುವ ವಿದ್ಯೆಯಲ್ಲ. 1960ರ ದಶಕದ ಮಧ್ಯಭಾಗದಲ್ಲಿ ವಾಷಿಂಗ್ಟನ್ ನಗರದ ಕಾನೂನು ನೆರವು ಸಂಸ್ಥೆಯು ಒಂದು ‘ಅಪರಾಧಿ ಪುನರ್ವಸತಿ ಯೋಜನೆ’ಯನ್ನು ಕೈಗೊಂಡು, ವಕೀಲರ ಜೊತೆಯಲ್ಲಿ ಸಮಾಜ ಕಾರ್ಯಕರ್ತರನ್ನು ಕೂಡಿಸಿ, ಕಕ್ಷಿಗಾರರಿಗಾಗಿ ಪುನರ್ವಸತಿಯ ಯೋಜನೆಗಳನ್ನು ಸಿದ್ಧಪಡಿಸಿ ನ್ಯಾಯಾಲಯದ ಮುಂದಿಟ್ಟಿತು. 1970ರಲ್ಲಿ ಆ ಸಂಸ್ಥೆಯ ಸ್ಥಾನದಲ್ಲಿ ಸಾರ್ವಜನಿಕ ಅಭಿರಕ್ಷಕ ಸೇವೆಯು ರಚಿತವಾದ ಮೇಲೂ ಈ ಕೆಲಸ ಮುಂದುವರಿಯಿತು. ನ್ಯಾಯಾಲಯದ ಅಧಿಕಾರಿಯ ವರದಿಯ ಪಕ್ಕದಲ್ಲಿ ಆಪಾದಿತನ ಕಡೆಯ ವರದಿಯೂ ಬಂದು ಕುಳಿತದ್ದು ಹೀಗೆ.

ಮರಣದಂಡನೆಯ ಮೊಕದ್ದಮೆಗಳಲ್ಲಿ ಈ ಎರಡನೆಯ ವರದಿಯ ಮಹತ್ವವು ಇನ್ನೂ ಹೆಚ್ಚಿತು. ಶಿಕ್ಷೆಯನ್ನು ತಗ್ಗಿಸಬಲ್ಲ ಯಾವ ಸಂಗತಿಯನ್ನಾದರೂ ಮುಂದಿಡಲು ಆಪಾದಿತನಿಗೆ ಅವಕಾಶವಿರಬೇಕೆಂದು 1978ರಲ್ಲಿ ಲಾಕೆಟ್ ಮೊಕದ್ದಮೆಯು ನಿರ್ಣಯಿಸಿತು. 2003ರ ವಿಗ್ಗಿನ್ಸ್ ಮೊಕದ್ದಮೆಯಲ್ಲಂತೂ ಸಮಾಜ ಕಾರ್ಯಕರ್ತನೇ ಚರ್ಚೆಯ ಕೇಂದ್ರವಾದನು. ಮೇರಿಲ್ಯಾಂಡ್ ರಾಜ್ಯದ ಅಭಿರಕ್ಷಕರ ಕಚೇರಿಯಲ್ಲಿ ಆಪಾದಿತನ ಸಾಮಾಜಿಕ ಚರಿತ್ರೆಯನ್ನು ಬರೆಯಿಸಲು ಹಣ ಲಭ್ಯವಿದ್ದರೂ ಅವನ ವಕೀಲರು ಅದನ್ನು ಬರೆಯಿಸಲಿಲ್ಲ. ಶಿಕ್ಷೆಯಾದ ಬಳಿಕ ಸಮಾಜ ಕಾರ್ಯಕರ್ತರೊಬ್ಬರು ವಿಚಾರಿಸಿದಾಗ, ಅವನು ಬಾಲ್ಯದಲ್ಲಿ ತಾಯಿಯಿಂದಲೂ ಸಾಕುಮನೆಗಳಲ್ಲಿಯೂ ಅನುಭವಿಸಿದ ಘೋರವಾದ ಹಿಂಸೆ ಹೊರಬಿದ್ದಿತು. ಜ್ಯೂರಿಯವರಿಗೆ ಇದಾವುದೂ ತಿಳಿದಿರಲಿಲ್ಲ. ಇಂತಹ ಶೋಧನೆಯನ್ನು ಕೈಬಿಟ್ಟ ವಕೀಲರ ಸೇವೆಯು ಸಂವಿಧಾನವು ಬೇಡುವ ಮಟ್ಟದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. 1949ರಲ್ಲಿ ನ್ಯಾಯಾಧೀಶನ ಅನುಕೂಲವಾಗಿದ್ದ ಸಾಮಾಜಿಕ ವಿಚಾರಣೆಯು 2003ರ ವೇಳೆಗೆ ಆಪಾದಿತನ ಹಕ್ಕಿನ ಭಾಗವಾಗಿತ್ತು.

4

ಸಾಧಾರಣ ಮೊಕದ್ದಮೆಗಳಲ್ಲಿ ಈ ಸಹಕಾರವನ್ನು ವ್ಯವಸ್ಥಿತವಾಗಿ ನಡೆಸಿದವರಲ್ಲಿ ನ್ಯೂಯಾರ್ಕ್ ನಗರದ ಎರಡು ಸಂಸ್ಥೆಗಳು ಮುಖ್ಯವಾದವು: 1990ರಲ್ಲಿ ಹಾರ್ಲೆಮ್ ಭಾಗದಲ್ಲಿ ಆರಂಭವಾದ ನೇಬರ್‌ಹುಡ್ ಡಿಫೆಂಡರ್ ಸರ್ವಿಸ್ ಮತ್ತು 1997ರಲ್ಲಿ ಆರಂಭವಾದ ಬ್ರಾಂಕ್ಸ್ ಡಿಫೆಂಡರ್ಸ್. ಎರಡನೆಯದರಲ್ಲಿ ಕ್ರಿಮಿನಲ್ ವಕೀಲ, ವಸತಿ ಮತ್ತು ಕುಟುಂಬದ ವ್ಯಾಜ್ಯಗಳನ್ನು ನೋಡುವ ವಕೀಲ, ಸಮಾಜ ಕಾರ್ಯಕರ್ತ, ಇವರೆಲ್ಲ ಒಂದೇ ತಂಡವಾಗಿ ಒಬ್ಬ ಕಕ್ಷಿಗಾರನ ವಿಷಯವನ್ನು ಕೈಗೆತ್ತಿಕೊಳ್ಳುತ್ತಾರೆ. ಬಂಧನವಾದೊಡನೆ ಬಾಡಿಗೆಯ ಮನೆ, ಕೆಲಸ, ಮಕ್ಕಳ ಪಾಲನೆಯ ಹಕ್ಕು, ವಿದೇಶೀಯನಾದರೆ ದೇಶದಲ್ಲಿರುವ ಹಕ್ಕು ಮುಂತಾದುವೆಲ್ಲ ಅಲುಗಾಡುತ್ತವೆ ಎಂಬ ಅರಿವೇ ಈ ಪದ್ಧತಿಯ ತಳಹದಿ.

ಇದರಿಂದ ಪ್ರಯೋಜನವಾಯಿತೇ ಎಂಬ ಪ್ರಶ್ನೆಗೆ ಭಾವನೆಯಿಂದ ಉತ್ತರ ಕೊಡಲಾಗದು. ಅದೃಷ್ಟವಶಾತ್ ಬ್ರಾಂಕ್ಸಿನಲ್ಲಿ ಬಡ ಆಪಾದಿತರ ಮೊಕದ್ದಮೆಗಳು ಈ ಸಂಸ್ಥೆಗೂ ಹಳೆಯ ಪದ್ಧತಿಯ ಲೀಗಲ್ ಏಡ್ ಸೊಸೈಟಿಗೂ ನ್ಯಾಯಾಲಯದ ಪಾಳಿಗಳಿಗೆ ಅನುಸಾರವಾಗಿ ಹಂಚಿಕೆಯಾಗುತ್ತಿದ್ದವು. ಯಾವ ಆಪಾದಿತನು ಯಾರ ಪಾಲಿಗೆ ಬರುವನೆಂಬುದು ಅವನ ಗುಣದೋಷಗಳನ್ನು ಅವಲಂಬಿಸಿರಲಿಲ್ಲವಾದ್ದರಿಂದ ಹೋಲಿಕೆಗೆ ಗಟ್ಟಿಯಾದ ನೆಲೆಯೊಂದು ದೊರೆತಂತಾಯಿತು. ಜೇಮ್ಸ್ ಆಂಡರ್ಸನ್, ಮಾಯಾ ಬ್ಯೂನವೆಂಚುರಾ, ಪಾಲ್ ಹೀಟನ್ ಎಂಬ ವಿದ್ವಾಂಸರು ಐದು ಲಕ್ಷಕ್ಕೂ ಮಿಕ್ಕ ಮೊಕದ್ದಮೆಗಳನ್ನು ಪರಿಶೀಲಿಸಿ 2019ರಲ್ಲಿ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಂಡದ ಪದ್ಧತಿಯಿಂದ ಸೆರೆವಾಸದ ಶಿಕ್ಷೆಯಾಗುವ ಸಂಭವವು ಶೇಕಡ 16ರಷ್ಟೂ, ನಿರೀಕ್ಷಿತ ಶಿಕ್ಷಾವಧಿಯು ಶೇಕಡ 24ರಷ್ಟೂ ಕಡಿಮೆಯಾಗಿತ್ತು. ಹತ್ತು ವರ್ಷಗಳ ಅವಧಿಯಲ್ಲಿ ಹೀಗೆ ಉಳಿದ ಸೆರೆವಾಸದ ದಿನಗಳು ಸುಮಾರು ಹನ್ನೊಂದು ಲಕ್ಷ.

ಇದರ ಜೊತೆಗೆ ಇನ್ನೆರಡು ಅಂಶಗಳನ್ನೂ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಅಪರಾಧ ಸಾಬೀತಾಗುವ ಪ್ರಮಾಣದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಬದಲಾದದ್ದು ಶಿಕ್ಷೆ ಮಾತ್ರ. ಮುಂದೆ ಮತ್ತೆ ಬಂಧನಕ್ಕೊಳಗಾಗುವ ಪ್ರಮಾಣದಲ್ಲಿಯೂ ಗಣನೀಯವಾದ ಏರಿಳಿತ ಕಂಡುಬರಲಿಲ್ಲ. ಸಮಾಜ ಕಾರ್ಯಕರ್ತರಿದ್ದಲ್ಲಿ ಪುನರಪರಾಧವು ತಾನೇ ತಾನಾಗಿ ಇಳಿಯುತ್ತದೆಂಬ ಉತ್ಸಾಹದ ಮಾತನ್ನು ಈ ಬೃಹತ್ ಅಧ್ಯಯನವು ಸಮರ್ಥಿಸುವುದಿಲ್ಲ. ಆದರೆ ಅಷ್ಟೊಂದು ಸೆರೆವಾಸವನ್ನು ಕಡಿಮೆ ಮಾಡಿಯೂ ಸಾರ್ವಜನಿಕರ ಸುರಕ್ಷಿತತೆಗೆ ಹಾನಿಯಾಗಲಿಲ್ಲವೆಂಬುದೇ ಒಂದು ದೊಡ್ಡ ಸಂಗತಿಯಲ್ಲವೇ? ಅಷ್ಟು ದಿನಗಳ ಸೆರೆವಾಸದಿಂದ ಸಮಾಜಕ್ಕೆ ದೊರೆಯುತ್ತಿದ್ದ ರಕ್ಷಣೆ ಏನು ಎಂಬ ಪ್ರಶ್ನೆಗೆ ಸೆರೆಮನೆಯ ಪಕ್ಷಪಾತಿಗಳೇ ಉತ್ತರ ಹೇಳಬೇಕಾಗುತ್ತದೆ. ಇದಲ್ಲದೆ, ಫಲಿತಾಂಶವು ಇಡೀ ತಂಡದ್ದಾದುದರಿಂದ ಅದರಲ್ಲಿ ಸಮಾಜ ಕಾರ್ಯಕರ್ತನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಈ ಸಹಕಾರದಲ್ಲಿ ತೊಡಕುಗಳೂ ಇವೆ. ಕಕ್ಷಿಗಾರನು ಹೇಳಿದ್ದನ್ನು ಗುಟ್ಟಾಗಿಡುವುದು ವಕೀಲನ ಧರ್ಮ. ಮಕ್ಕಳ ಮೇಲೆ ಹಿಂಸೆ ನಡೆದಿದೆಯೆಂದು ತಿಳಿದರೆ ಅಧಿಕಾರಿಗಳಿಗೆ ತಿಳಿಸುವುದು ಅಮೆರಿಕದ ರಾಜ್ಯಗಳಲ್ಲಿ ಸಮಾಜ ಕಾರ್ಯಕರ್ತನಿಗೆ ಶಾಸನವಿಧಿತವಾದ ಕರ್ತವ್ಯ. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನು ಮೌನವಾಗಿರಬೇಕು, ಇನ್ನೊಬ್ಬನು ಮಾತನಾಡಬೇಕು ಎಂದಾದರೆ ಕಕ್ಷಿಗಾರನು ಯಾರನ್ನು ನಂಬಬೇಕು? ವಕೀಲನ ಕೈಕೆಳಗೆ ಕೆಲಸಮಾಡುವಾಗ ಅವನ ಗೋಪ್ಯತೆಯ ನಿಯಮವೇ ಇವನಿಗೂ ಅನ್ವಯಿಸುತ್ತದೆಂದು ಕೆಲವರೂ, ಹಾಗಲ್ಲವೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. ಈ ವಿವಾದವು ಕೇವಲ ತಾಂತ್ರಿಕವಾದುದಲ್ಲ. ಮನುಷ್ಯನು ತನ್ನ ಬಾಳಿನ ಅತ್ಯಂತ ನಾಚಿಕೆಯ ಸಂಗತಿಯನ್ನು ಹೇಳಿಕೊಳ್ಳದೆ ಸಾಮಾಜಿಕ ಚರಿತ್ರೆಯನ್ನು ಬರೆಯಲಾಗದು; ಹೇಳಿದ್ದು ತನಗೇ ಮುಳುವಾಗುವುದೆಂಬ ಭಯವಿದ್ದಲ್ಲಿ ಯಾರೂ ಹೇಳರು.

5

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಪರಿವೀಕ್ಷಣೆಯ ಪದ್ಧತಿ ಇಲ್ಲಿಗೆ ಹೊಸದಲ್ಲ. ಮದರಾಸು ಪ್ರಾಂತದಲ್ಲಿ 1936ರ, ಮುಂಬಯಿ ಪ್ರಾಂತದಲ್ಲಿ 1938ರ ಅಪರಾಧಿ ಪರಿವೀಕ್ಷಣಾ ಶಾಸನಗಳು ಬಂದಿದ್ದವು. ಆಗ ಮಂಗಳೂರು ಮದರಾಸಿಗೂ, ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಗೂ ಸೇರಿದ್ದರಿಂದ ಕನ್ನಡನಾಡಿನ ಈ ಭಾಗಗಳೂ ಆ ಶಾಸನಗಳ ವ್ಯಾಪ್ತಿಯಲ್ಲಿದ್ದವು. 1958ರಲ್ಲಿ ಕೇಂದ್ರದ ಶಾಸನವು ಬಂದಿತು. ಇಪ್ಪತ್ತೊಂದು ವರ್ಷ ತುಂಬದವರನ್ನು ಸೆರೆಮನೆಗೆ ಕಳುಹಿಸುವ ಮುನ್ನ ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿಕೊಳ್ಳಬೇಕೆಂದು ಅದರ 6ನೆಯ ಕಲಮು ವಿಧಿಸುತ್ತದೆ. ಆದರೆ 7ನೆಯ ಕಲಮಿನ ಪ್ರಕಾರ ಆ ವರದಿ ಗೋಪ್ಯವಾದುದು. ನ್ಯಾಯಾಲಯಕ್ಕೆ ಸರಿಯೆಂದು ತೋರಿದರೆ ಮಾತ್ರ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ, ಅದಕ್ಕೆ ಸಂಬಂಧಪಟ್ಟ ಸಾಕ್ಷ್ಯವನ್ನು ಒದಗಿಸಲು ಅವಕಾಶ ಕೊಡಬಹುದು. ಬಾಸ್ಟನ್ನಿನಿಂದ ಹೊರಟ ಪ್ರಶ್ನೆ ಈ ಕಲಮಿನಲ್ಲಿಯೂ ಅಡಗಿ ಕುಳಿತಿರುವುದನ್ನು ವಾಚಕರು ಗಮನಿಸಬಹುದು.

ಆಪಾದಿತನ ಕಡೆಯ ದಾರಿಯೂ ಇಲ್ಲಿ ಕ್ರಮೇಣ ತೆರೆಯುತ್ತ ಬಂದಿದೆ. 1976ರಲ್ಲಿ ಸಂವಿಧಾನಕ್ಕೆ 39ಎ ಅನುಚ್ಛೇದ ಸೇರಿ ಉಚಿತ ಕಾನೂನು ನೆರವು ರಾಜ್ಯದ ಧ್ಯೇಯವಾಯಿತು. ಅದೇ ವರ್ಷ ಸಂತಾ ಸಿಂಗ್ ಮೊಕದ್ದಮೆಯಲ್ಲಿ, ಶಿಕ್ಷೆಯ ವಿಷಯದಲ್ಲಿ ಆಪಾದಿತನ ಮಾತನ್ನು ಪ್ರತ್ಯೇಕವಾಗಿ ಕೇಳುವುದು ಬರಿಯ ಉಪಚಾರವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಸಾರಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳನ್ನು ಕುರಿತ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಭಗವತಿಯವರು, ನ್ಯೂಯಾರ್ಕಿನಲ್ಲಿ 1961ರಲ್ಲಿ ವೆರಾ ಪ್ರತಿಷ್ಠಾನವು ಆರಂಭಿಸಿದ ಮ್ಯಾನ್‌ಹಟನ್ ಜಾಮೀನು ಯೋಜನೆಯನ್ನು ಉದಾಹರಿಸಿದರು. ಆ ಯೋಜನೆಯಲ್ಲಿ ಆಪಾದಿತನ ಮನೆ, ಕುಟುಂಬ, ಉದ್ಯೋಗಗಳನ್ನು ವಿಚಾರಿಸಿ, ಊರಿನಲ್ಲಿ ಬೇರುಗಳಿದ್ದವನನ್ನು ಹಣದ ಜಾಮೀನಿಲ್ಲದೆ ಬಿಡುವಂತೆ ಶಿಫಾರಸು ಮಾಡಲಾಗುತ್ತಿತ್ತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1990ರಲ್ಲಿ ಆರಂಭಿಸಿದ ‘ಪ್ರಯಾಸ್’ ಯೋಜನೆಯ ಮೂಲಕ ಸಮಾಜ ಕಾರ್ಯಕರ್ತರು ಸೆರೆಮನೆಗಳಲ್ಲಿಯೇ ಕೆಲಸ ಮಾಡತೊಡಗಿದರು. 2022ರಲ್ಲಿ ಮನೋಜ್ ಮೊಕದ್ದಮೆಯ ತೀರ್ಪು, ಮರಣದಂಡನೆಯ ಪ್ರಶ್ನೆ ಎದ್ದಾಗ ಆಪಾದಿತನ ಹಿನ್ನೆಲೆಯ ಮಾಹಿತಿಯನ್ನು ವಿಚಾರಣೆಯ ಹಂತದಲ್ಲಿಯೇ ಸಂಗ್ರಹಿಸಬೇಕೆಂದೂ, ರಾಜ್ಯವು ಒದಗಿಸುವ ಮಾಹಿತಿಗೆ ಪ್ರತಿಯಾಗಿ ಸಾಕ್ಷ್ಯವನ್ನು ಕೊಡುವ ಅವಕಾಶ ಆಪಾದಿತನಿಗಿರಬೇಕೆಂದೂ ಹೇಳಿತು.

ಅದೇ 2022ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಪೂರ್ಣಾವಧಿಯ ವಕೀಲರುಳ್ಳ ಕಚೇರಿಗಳ ಯೋಜನೆಯನ್ನು ರೂಪಿಸಿತು. ಕರ್ನಾಟಕದಲ್ಲಿ ಇವು ‘ಕಾನೂನು ನೆರವು ಅಭಿರಕ್ಷಕರ ಕಚೇರಿ’ಗಳೆಂದು ಹೆಸರಾಗಿವೆ. ಲಾಸ್ ಏಂಜಲೀಸಿನ ಕಚೇರಿ ತೆರೆದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಮ್ಮ ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿ ಅದಕ್ಕೆ ಸದೃಶವಾದ ಸಂಸ್ಥೆ ಕಾಣಿಸಿಕೊಂಡಿದೆಯೆನ್ನಬಹುದು. ಆದರೆ ಆ ಯೋಜನೆಯ ಹುದ್ದೆಗಳು ಪ್ರಧಾನವಾಗಿ ವಕೀಲರವು ಮತ್ತು ಕಚೇರಿಯ ಸಿಬ್ಬಂದಿಯವು.

ಈ ಕೊರತೆ ಎಷ್ಟರಮಟ್ಟಿನದೆಂಬುದನ್ನು ಅಂಕಿಗಳೇ ಸೂಚಿಸುತ್ತವೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ವಿಚಾರಣೆ ಮುಗಿಯದೆ ಇದ್ದವರು. ಜಾಮೀನಿನ ಆಜ್ಞೆಯಾದರೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿಯುವ ಬಡವನಿಗೆ ಬೇಕಾದದ್ದು ಕಾನೂನಿನ ವಾದಕ್ಕಿಂತ ಹೆಚ್ಚಾಗಿ, ಅವನ ಊರಿಗೆ ಹೋಗಿ ಬಂಧುಗಳನ್ನು ಕಂಡು, ಕಾಗದಪತ್ರಗಳನ್ನು ಹೊಂದಿಸಿಕೊಂಡು ಬರುವ ಒಬ್ಬ ಮನುಷ್ಯ. 1841ರಲ್ಲಿ ಜಾನ್ ಆಗಸ್ಟಸನು ಮಾಡಿದ್ದೂ ಹೆಚ್ಚು ಕಡಿಮೆ ಇದೇ ಕೆಲಸವಾಗಿತ್ತು.

ಈ ಸಮೀಕ್ಷೆಯಿಂದ ನಾವು ತಲುಪುವ ನಿರ್ಣಯವು ಸರಳವಾದುದು. ಆಪಾದಿತನ ಬಾಳನ್ನು ವಿಚಾರಿಸುವುದರಿಂದ ನ್ಯಾಯವು ಮೃದುವಾಗುತ್ತದೆಂದು ಭಾವಿಸುವುದು ಸಾಲದು. ಆ ವಿಚಾರಣೆಯ ಫಲ ಯಾರ ಕೈಗೆ ಸೇರುತ್ತದೆಂಬುದನ್ನೂ ಕೇಳಬೇಕು. ಅದು ನ್ಯಾಯಾಧೀಶನ ಕೈಗೆ ಮಾತ್ರ ಸೇರಿದಾಗ ಕರುಣೆಯೂ ಆಗಬಹುದು, ಆಯುಧವೂ ಆಗಬಹುದು. ಆಪಾದಿತನ ಕೈಗೂ ಸೇರಿದಾಗ ಮಾತ್ರ ಅದು ಅವನ ಹಕ್ಕಾಗುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಕಾನೂನಿನ ವಿದ್ಯಾರ್ಥಿಗಳೂ ಸಮಾಜಕಾರ್ಯದ ವಿದ್ಯಾರ್ಥಿಗಳೂ ಬೇರೆ ಬೇರೆ ಕಟ್ಟಡಗಳಲ್ಲಿ ಓದುತ್ತಾರೆ. ಇವರಿಬ್ಬರೂ ಜೊತೆಯಾಗಿ ತಮ್ಮ ಜಿಲ್ಲೆಯ ಅಭಿರಕ್ಷಕರ ಕಚೇರಿಗೆ ಹೋಗಿ, ಒಬ್ಬ ವಿಚಾರಣಾಧೀನ ಕೈದಿಯ ಚರಿತ್ರೆಯನ್ನು ಅವನ ಸಮ್ಮತಿಯಿಂದ, ಅವನ ವಕೀಲನ ಮಾರ್ಗದರ್ಶನದಲ್ಲಿ ಬರೆದರೆ, ಅದು ಈ ಇತಿಹಾಸದ ಮುಂದಿನ ಅಧ್ಯಾಯಕ್ಕೆ ಆಧಾರವಾದೀತೆಂದು ನಂಬಿದ್ದೇವೆ.